ಜಗಲಿಗೆ ಬಿಳಿ ಲಾದಿ

ಲೋಕದವರೆಲ್ಲ ನೆಲಕ್ಕೆ ಹಾಸುವ ಲಾದಿಯನ್ನು ಕಣ್ಣಿಂದ ನೋಡಿ ಆರಿಸುತ್ತಾರೆ. ನನ್ನ ಗಂಡ ತಾರಾನಾಥರು ಸಾಂಬಾರು ಸುರಿದು ಆರಿಸಿದರು.

ವಿಠ್ಠಲವಾಡಿಯ ನಮ್ಮ ಹಳೆ ಮನೆಗೆ ಮುಂದೊಂದು ಜಗಲಿ, ಮೇಲೆ ಹಂಚಿನ ಮಾಡು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಇವರಿಗೆ ಉಳಿದದ್ದು ಈ ಜಗಲಿ, ಮತ್ತೆ ಸಂಜೆ ಇಲ್ಲಿ ಬಂದು ಕೂರುವ ದೇಜಪ್ಪಣ್ಣ, ಮುಂಡಪ್ಪಣ್ಣ. ಮೂವರೂ ಹೋಟೆಲು ನಡೆಸಿಯೇ ತಲೆ ನರೆಸಿಕೊಂಡವರು. ಅವರಿಬ್ಬರು ಬಾರದ ದಿನ ಇವರು ಗೇಟು ನೋಡುತ್ತಾ ಕೂರುವುದನ್ನು ಕಂಡರೆ ನನಗೆ ಕರುಳು ಚುರುಕ್ ಎನ್ನುತ್ತದೆ.

ಆ ಮಳೆಗಾಲದಲ್ಲಿ ಜಗಲಿಯ ಒಡೆದ ಶಹಾಬಾದ್ ಕಲ್ಲಿಗೆ ದೇಜಪ್ಪಣ್ಣ ಎಡವಿದರು. ಇನ್ನು ಅವರು ಬಾರದಿದ್ದರೆ ಎಂದು ಇವರಿಗೆ ಹೆದರಿಕೆ ಹತ್ತಿತು. ಮರುದಿನವೇ ನನ್ನನ್ನು ಎಳೆದುಕೊಂಡು ಕಲ್ಯಾಣದ ಟೈಲ್ಸ್ ಅಂಗಡಿಗೆ ಹೊರಟರು. ಚೀಲದಲ್ಲಿ ಒಂದು ಬಾಟಲಿ ಸಾಂಬಾರು, ಫ್ಲಾಸ್ಕಿನಲ್ಲಿ ಕಾಫಿ! ಒಂದೊಂದು ಲಾದಿಗೂ ಸುರಿದು, ಸ್ವಲ್ಪ ಕಾದು, ಕಲೆ ಹೋಗುತ್ತದೋ ಎಂದು ಉಜ್ಜಿ ನೋಡಿದರು.

"ಅಂಕಲ್, ಯೇ ದುಕಾನ್ ಹೈ, ಹೋಟೆಲ್ ನಹೀ!" ಎಂದು ಅಂಗಡಿಯವನು ಬೊಬ್ಬೆ ಹಾಕಿದ. ನಾಚಿಕೆಯಿಂದ ನಾನು ಸತ್ತೇ ಹೋದೆ.

ನನಗೆ ಹಿಡಿಸಿದ್ದು ಇಟ್ಟಿಗೆ ಬಣ್ಣದ್ದು. ಕೊಳೆ ಎದ್ದು ಕಾಣುವುದಿಲ್ಲ ಎಂದೆ.

"ಕೊಳೆ ಕಾಣದಿದ್ದರೆ ಒರೆಸುವುದು ಹೇಗೆ ಮಾರಾಯ್ತಿ?" ಎಂದರು.

ಹೋಟೆಲಿನವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಹಾಲಿನಂಥ ಬಿಳಿ ಲಾದಿಯೇ ಬಂತು.

ಮೊದಲ ಸಂಜೆ ಇಬ್ಬರೂ ಬಂದರು, ಹೊಗಳಿದರು, ಕೂತರು. ಮುಂಡಪ್ಪಣ್ಣ ಲೋಟ ಕೆಳಗಿಟ್ಟಲ್ಲಿ ಕಾಫಿಯ ಉಂಗುರವೊಂದು ಮೂಡಿತು. ಇವರು ಹೆಗಲ ಮೇಲಿನ ಬೈರಾಸು ಎಳೆದು ಒರೆಸಿದರು. ಮುಂಡಪ್ಪಣ್ಣ ಎದ್ದು, "ಬರ್ತೇನೆ ತಾರಣ್ಣ" ಎಂದರು. ದೇಜಪ್ಪಣ್ಣನ ಮುಂದೆಯೂ ಒರೆಸಿದರು, ಅವರೂ ಎದ್ದರು. ಮರುದಿನವೂ ಅದೇ ಕಥೆ. ಆಮೇಲೆ ಇಬ್ಬರೂ ಬರುವುದನ್ನೇ ಬಿಟ್ಟರು.

"ಲಾದಿ ಹಿಡಿಸಲಿಲ್ಲವೋ ಏನೋ. ಕಿತ್ತು ಬೇರೆ ಹಾಕಿಸುವಾ?" ಎಂದರು ಇವರು, ಮುಖ ಸಣ್ಣದು ಮಾಡಿಕೊಂಡು.

ನನಗೆ ಸಿಟ್ಟು ನೆತ್ತಿಗೇರಿತು. "ಲಾದಿಯಲ್ಲ, ನಿಮ್ಮ ಬೈರಾಸು! ತಿಂದು ಮುಗಿಸಿ ಪಟ್ಟಾಂಗ ಹೊಡೆಯುವ ಗಿರಾಕಿಯನ್ನು ಎಬ್ಬಿಸ್ಲಿಕ್ಕೆ ಜೀವಮಾನವಿಡೀ ಎಂತ ಮಾಡಿದಿರಿ? ಬಾಯಿಬಿಟ್ಟು ಏಳಿ ಅಂದಿರಾ? ಟೇಬಲ್ ಒರೆಸಿದಿರಿ! ಅವರೂ ಅದನ್ನೇ ಮಾಡಿದವರು. ಮುಂದೆ ಒರೆಸಿದ್ರೆ ಏಳದೆ ಮತ್ತೆಂತ ಮಾಡ್ತಾರೆ?"

ಇವರು ಅಂದು ಸಂಜೆ ತಾವೇ ಹೋಗಿ ದೇಜಪ್ಪಣ್ಣನನ್ನು ಕೈಹಿಡಿದು ಕರೆತಂದರು. ಬೈರಾಸನ್ನು ನನಗೆ ಒಪ್ಪಿಸಿ ಕೂತರು. ಕಾಫಿ ಬಂದದ್ದೇ, ಬೇಕೆಂದೇ ತಮ್ಮ ಲೋಟದಿಂದ ಬಿಳಿ ಲಾದಿಯ ಮೇಲೆ ಅಷ್ಟು ಚೆಲ್ಲಿದರು.

"ನೋಡು, ಒರೆಸುವುದಿಲ್ಲ. ಆರಾಮ ಕೂತ್ಕೊ ಮಾರಾಯ."

ದೇಜಪ್ಪಣ್ಣ ಕೂತರು. ಇವರು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಊರ ಸುದ್ದಿ ಎತ್ತಿದರು. ಅಬ್ಬ, ಇವತ್ತಾದರೂ ನಾಲ್ಕು ಮಾತಾಡುತ್ತಾರಲ್ಲ ಎಂದು ನನ್ನ ಜೀವ ತಣ್ಣಗಾಯಿತು. ಆದರೆ ದೇಜಪ್ಪಣ್ಣನ ಕಣ್ಣು ಆ ಚೆಲ್ಲಿದ ಕಾಫಿಯ ಮೇಲೇ. ತಡೆದರು, ತಡೆದರು. ಕೊನೆಗೆ ಆ ಪುಣ್ಯಾತ್ಮ ತಮ್ಮ ಹೆಗಲಿನ ಬೈರಾಸು ಎಳೆದು ಇವರ ಮುಂದಿನ ನೆಲವನ್ನು ಚೊಕ್ಕವಾಗಿ ಒರೆಸಿಯೇಬಿಟ್ಟರು.

ನನ್ನ ಗಂಡ ತಮ್ಮದೇ ಮನೆಯಲ್ಲಿ, ತಾವೇ ಆರಿಸಿದ ಲಾದಿಯ ಮೇಲಿಂದ, ತಟ್ಟನೆ ಎದ್ದು ಚಪ್ಪಲಿ ಹುಡುಕತೊಡಗಿದರು.