ಬಿರುಗಾಳಿಯ ನಡುವಿನ ಬಿಸಿಲು

ದೋಣಿ ಕಟ್ಟುವ ಬಡಗಿಗೆ ಮರದ ಮೇಲಿದ್ದ ನಂಬಿಕೆ ಹವಾಮಾನ ಮುನ್ಸೂಚನೆಯ ಮೇಲೆ ಇರಲಿಲ್ಲ. ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವವಳು ಅವನ ಸ್ವಂತ ತಂಗಿ ಎಂಬುದು ಬೇರೆ ಮಾತು. ದಿನಾ ಬೆಳಿಗ್ಗೆ ಬಲೂನ್ ಹಾರಿಬಿಟ್ಟು ಮೇಲಿನ ಗಾಳಿಯನ್ನು ಅಳೆಯುವುದು ಅವಳ ಕೆಲಸ. "ಬಲೂನ್ ಹಾರಿಸೋಕೂ ಸಂಬಳ ಕೊಡ್ತಾರೆ, ಪುಣ್ಯ ಮಾಡಿದ್ದೀಯ ಬಿಡು" ಎಂದು ಅಣ್ಣ ಕಿಚಾಯಿಸುತ್ತಿದ್ದ.

ಹೋದ ವರ್ಷ ಬಿರುಗಾಳಿ ಬರುತ್ತದೆಂದು ಊರಿಗೆ ಊರೇ ಶಾಲೆಯಲ್ಲಿ ಕೂತಿತ್ತು. ಬಂದದ್ದು ನಾಲ್ಕು ಹನಿ. ಗಾಳಿ ದಿಕ್ಕು ಬದಲಿಸಿತೆಂದು ತಂಗಿ ಎಷ್ಟು ಹೇಳಿದರೂ ಬಡಗಿ ಹಿಡಿದ ಪಟ್ಟು ಬಿಡಲಿಲ್ಲ. ಈ ವರ್ಷ ಮತ್ತೆ ಎಚ್ಚರಿಕೆ ಬಂದಾಗ, ಹೆಂಡತಿ ಕೈಹಿಡಿದು ಎಳೆದುಕೊಂಡು ಬಂದಿದ್ದಕ್ಕೆ ಶಾಲೆಯ ಮೆಟ್ಟಿಲು ಹತ್ತಿದ.

ಈ ಸಲ ಗಾಳಿ ಬಂತು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನೆಲದ ಕಡೆಯಿಂದ ಬೀಸಿ, ಮನೆಗಳ ತಗಡು ಕಿತ್ತು ಸಮುದ್ರಕ್ಕೆ ಎಸೆಯಿತು. ಆಮೇಲೆ ಗಕ್ಕನೆ ನಿಂತಿತು. ಕಿಟಕಿಯ ಸಂದಿಯಿಂದ ಬಿಸಿಲು ಬಿತ್ತು.

ಬಡಗಿ ಎದ್ದು ಬಾಗಿಲ ಅಗಳಿ ತೆಗೆದ. ಎಂಟು ತಿಂಗಳಿಂದ ಕಟ್ಟುತ್ತಿದ್ದ ದೋಣಿ ದಡದ ಶೆಡ್ಡಿನಲ್ಲಿತ್ತು. ಅವನ ಜೀವವೆಲ್ಲ ಅಲ್ಲೇ ಇತ್ತು. ಶಾಲೆಯಲ್ಲಿ ವೈರ್‌ಲೆಸ್ ಹಿಡಿದು ಕೂತಿದ್ದ ತಂಗಿ ಅಡ್ಡ ಬಂದಳು.

"ಅಣ್ಣ, ಗಾಳಿ ಹೋಗಿಲ್ಲ. ಅರ್ಧ ಮಾತ್ರ ಮುಗಿದಿದೆ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಿಸಿಲು ಕಾಣ್ತಿಲ್ವಾ?"

"ನಮ್ಮನೆ ಬೀಸೋಕಲ್ಲಿಗೆ ಗೂಟ ಕೆತ್ತಿದವನು ನೀನೇ. ಕಲ್ಲು ಎಷ್ಟೇ ಜೋರಾಗಿ ತಿರುಗಲಿ, ನಡುವಿನ ಗೂಟ ಅಲ್ಲಾಡುತ್ತಾ? ಬಿರುಗಾಳಿನೂ ಹಾಗೇ ಸುತ್ತುತ್ತೆ. ನಾವೀಗ ಗೂಟದ ಹತ್ರ ಇದ್ದೀವಿ."

"ನೀನು ಒಳಗೆ ಹೋಗಿ ನೋಡಿದ್ಯಾ?"

"ನಾನಲ್ಲ. ವಿಮಾನ ತಗೊಂಡು ಅದರ ಹೊಟ್ಟೆಯೊಳಗೇ ಹೋಗಿ ಅಳೆಯೋರಿದ್ದಾರೆ. ನಡುವೆ ಆಕಾಶ ತಿಳಿಯಾಗಿರುತ್ತೆ, ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿಂದ ಬಡಿಯುತ್ತೆ. ನೀನು ದೋಣಿನ ಯಾವ ಕಡೆ ಬಿಗಿದಿದ್ದೀಯ?"

ಬಡಗಿ ದಡದ ಕಡೆ ನೋಡಿದ. ಗಾಳಿ ನೆಲದ ಕಡೆಯಿಂದ ಬರುತ್ತದೆಂದು ಹಗ್ಗಗಳನ್ನೆಲ್ಲ ಆ ಕಡೆಯ ಕಂಬಗಳಿಗೇ ಬಿಗಿದಿದ್ದ. ಸಮುದ್ರದ ಕಡೆಯ ಕಂಬಗಳಿಗೆ ಒಂದು ಹಗ್ಗವೂ ಇರಲಿಲ್ಲ.

"ಹಾಗಾದ್ರೆ ಈಗಲೇ ಹೋಗಿ ಆ ಕಡೆನೂ ಬಿಗಿದು ಬರ್ತೀನಿ. ಕಾಲು ಗಂಟೆ ಕೆಲಸ."

"ಕಾಲು ಗಂಟೆ ಇದೆಯೋ ಇಲ್ವೋ ನನಗೇ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಾನೇ ನಿನ್ನ ಜೊತೆ ಬರ್ತಿದ್ದೆ." ತಂಗಿ ಅಗಳಿಯನ್ನು ಮತ್ತೆ ಹಾಕಿದಳು.

ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ಹೋಗೋದಾದ್ರೆ ನನ್ನ ದಾಟಿಕೊಂಡು ಹೋಗಿ."

ಬಡಗಿ ಗೊಣಗುತ್ತಲೇ ಕೂತ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಸಮುದ್ರದ ಕಡೆಯ ಗೋಡೆ ಅದುರಿತು. ಹೆಂಚುಗಳು ಪಟಪಟನೆ ಹಾರಿದವು. ಅವನು ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಹೊರಗೆ ಹೋಗಬಹುದೆಂದು ವೈರ್‌ಲೆಸ್‌ನಲ್ಲಿ ಮಾತು ಬಂದದ್ದು ಸಂಜೆ ನಾಲ್ಕಕ್ಕೆ. ಮೂವರೂ ದಡಕ್ಕೆ ಹೋದರು. ಶೆಡ್ಡು ಮಗುಚಿತ್ತು, ದೋಣಿಯ ಹಲಗೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಅವನು ಹಗ್ಗ ಬಿಗಿಯಬೇಕೆಂದಿದ್ದ ಕಡೆಯ ಕಂಬಗಳೇ ಕೊಚ್ಚಿಹೋಗಿದ್ದವು. ಹಗ್ಗ ಬಿಗಿಯಲು ಅವನು ನಿಲ್ಲಬೇಕಾಗಿದ್ದ ಜಾಗದಲ್ಲಿ ಸಮುದ್ರ ಹೊರಳಾಡುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಬಡಗಿ ಮರಳಲ್ಲಿ ಕುಸಿದು ಅತ್ತುಬಿಟ್ಟ.

ಆಮೇಲೆ ಕಣ್ಣೊರೆಸಿಕೊಂಡು ದೋಣಿಯ ತಳದ ತೊಲೆಯನ್ನು ತಟ್ಟಿ ನೋಡಿದ. "ಇದು ಗಟ್ಟಿ ಇದೆ. ಮತ್ತೆ ಕಟ್ಟಬಹುದು."

"ಕಟ್ಟೋಕೆ ನೀವಿದ್ದೀರಲ್ಲ, ಸಾಕು" ಎಂದಳು ಹೆಂಡತಿ.

ಕಡಲ ದಡದ ಅಕ್ಕ-ಅಣ್ಣಂದಿರೇ, ಹೋದ ಸಲ ಬಿರುಗಾಳಿ ಬರಲಿಲ್ಲವೆಂದು ಈ ಸಲದ ಎಚ್ಚರಿಕೆಯನ್ನು ಗಾಳಿಗೆ ತೂರಬೇಡಿ. ದೋಣಿಯನ್ನು ಮುಂಚೆಯೇ ಎರಡೂ ಕಡೆ ಬಿಗಿಯಿರಿ. ಗಾಳಿ ತಟ್ಟನೆ ನಿಂತರೆ ಇನ್ನರ್ಧ ಬಾಕಿ ಇದೆಯೆಂದೇ ತಿಳಿಯಿರಿ, ಹವಾಮಾನ ಕಚೇರಿಯ ಮಾತು ಬರುವವರೆಗೆ ಹೊರಗೆ ಕಾಲಿಡಬೇಡಿ. ದೋಣಿ ಮುರಿದರೆ ಇನ್ನೊಂದು ಕಟ್ಟಿಕೊಳ್ಳೋಣ. ನಿಮ್ಮನ್ನು ಕಟ್ಟಿಕೊಡುವ ಬಡಗಿ ಯಾವ ಊರಲ್ಲೂ ಇಲ್ಲ.