ಯಾವ ಮನೆಯ ಹಿರಿಯರು?

ಊಟದ ಗಂಟೆ ಹೊಡೆದು ಹೊಲಿಗೆ ಮಷಿನ್‌ಗಳೆಲ್ಲ ನಿಂತ ಮೇಲೂ ಮಲ್ಲಿಕಾಳ ಕಿವಿಯಲ್ಲಿ ಅವುಗಳ ಸದ್ದು ಸ್ವಲ್ಪ ಹೊತ್ತು ಗುಂಯ್‌ಗುಡುತ್ತಲೇ ಇರುತ್ತಿತ್ತು. ಶಿಗ್ಗಾಂವಿಯ ಆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳೀಗ ಒಂದು ಲೈನಿನ ಸೂಪರ್‌ವೈಸರ್. ಕುಳಿತು ಹೊಲಿಯುವಾಗ ಬೆನ್ನು ನೋಯುತ್ತಿತ್ತು, ಈಗ ನಿಂತು ನಿಂತು ಕಾಲು ನೋಯುತ್ತವೆ. ಬಡ್ತಿ ಅಂದರೆ ಇಷ್ಟೇ ಎಂದು ಮೊದಲೆಲ್ಲ ನಗುತ್ತಿದ್ದಳು. ಈಚೆಗೆ ಹಾಗೆ ನಗುವುದಕ್ಕೂ ಬೇಸರ.

ಬುತ್ತಿ ಬಿಚ್ಚುವ ಹೊತ್ತಿಗೆ ಆಫೀಸಿನ ಸುಧಾರಾಣಿ ಮೇಡಂ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು.

“ಆರೋಗ್ಯ ವಿಮಾದ್ದು ಮತ್ತೊಮ್ಮೆ ಹೇಳ್ತೇನಿ ಕೇಳ್ರಿ. ನಿಮಗ, ನಿಮ್ಮ ಗಂಡಗ, ಮಕ್ಕಳಿಗೆ ಕಂಪನಿನ ತುಂಬತೈತಿ. ಅದರ ಮ್ಯಾಲೆ ಬೇಕಂದ್ರ ಮನೀ ಹಿರ್ಯಾರು ಇಬ್ಬರನ್ನ ಸೇರಸಬಹುದು. ಕಡ್ಡಾಯ ಏನಿಲ್ಲ, ನಿಮ್ಮ ಖುಷಿ. ಅದರ ಕಂತು ನಿಮ್ಮ ಪಗಾರದಾಗ ಮುರೀತಾರ. ಶನಿವಾರ ಮಧ್ಯಾಹ್ನ ಕಡೀದು. ಅದು ದಾಟಿದ್ರ ಬರೋ ವರ್ಷನ.”

“ಮೊದಲಿಂದ ಇದ್ದ ಬ್ಯಾನಿಗೂ ನಡೀತೈತೇನ್ರಿ?” ಎಂದು ಮಲ್ಲಿಕಾ ಕೇಳಿದಳು.

“ನಡೀತೈತಿ, ಮೊದಲ ದಿನದಿಂದನ. ಆದ್ರ ಒಂದು ಮಾತು. ತಂದಿ ತಾಯಿ ಹಾಕ್ರಿ, ಇಲ್ಲಾ ಅತ್ತಿ ಮಾವ ಹಾಕ್ರಿ. ಆ ಕಡೆ ಒಬ್ಬರು ಈ ಕಡೆ ಒಬ್ಬರು ಆಗಂಗಿಲ್ಲ.”

“ಯಾ ಅಲ್ಲಾ! ಮನ್ಯಾಗ ಜಗಳ ಹಚ್ಚಾಕಂತನ ಮಾಡ್ಯಾರ ನೋಡ್ರಿ ಇದನ್ನ,” ಎಂದಳು ಪಕ್ಕದ ಅಖ್ತರುನ್ನೀಸಾ. “ನಮ್ಮ ಅತ್ತಿ ಬಂಡಿಗಲ್ಲು ಇದ್ದಂಗ ಅದಾಳ. ನಮ್ಮ ಅಮ್ಮಿ ಬಂಕಾಪುರದಾಗ ಕೆಮ್ಮಕೋತ ಕುಂತಾಳ. ಆದ್ರೂ ಅತ್ತಿ ಹೆಸರನ ಹಾಕಬೇಕು, ಇಲ್ಲಾಂದ್ರ ಜೀವ ಇರೂತನಕ ಅದನ್ನ ಕೇಳಬೇಕು.”

ಹೆಂಗಸರೆಲ್ಲ ನಕ್ಕರು. ಮಲ್ಲಿಕಾ ಮಾತ್ರ ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಅವಳ ತಾಯಿ ತಿಪ್ಪವ್ವ ಇರುವುದು ಚಿಕ್ಕೇರೂರಿನಲ್ಲಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳೆಂದರೆ ಮಲ್ಲಿಕಾ ಒಬ್ಬಳೇ. ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕೆಲಸಕ್ಕೆ, ಇಂದಿಗೂ ಹೋಗುತ್ತಾಳೆ. ನೋಡಿದವರು ಗಟ್ಟಿ ಮುದುಕಿ ಅನ್ನುತ್ತಾರೆ. ಅವಳ ಗರ್ಭಚೀಲ ಜಾರಿ ಎಷ್ಟೋ ವರ್ಷವಾಗಿದೆ, ಅರಿವೆ ಬಿಗಿದು ಕಟ್ಟಿಕೊಂಡೇ ಅವಳು ಹೊಲದ ಬದು ದಾಟುತ್ತಾಳೆ ಎಂಬುದು ಮಗಳಿಗಲ್ಲದೆ ಮತ್ತೊಬ್ಬರಿಗೆ ಗೊತ್ತಿಲ್ಲ. ಮಗಳ ಬಲವಂತಕ್ಕೆ ಒಮ್ಮೆ ಸರಕಾರಿ ಆಸ್ಪತ್ರೆಗೆ ಹೋದಾಗ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದು ವಾಪಸು ಕಳಿಸಿದರು. ಅದು ಹತೋಟಿಗೆ ಬಂದ ಮೇಲೆ ಮತ್ತೆ ಆಸ್ಪತ್ರೆಗೆ ಹೋದರೆ, ಆ ಡಾಕ್ಟರಿಗೆ ವರ್ಗವಾಗಿತ್ತು. ಇದರ ಜೋಡಿನೇ ಮಣ್ಣಿಗೆ ಹೋಗುತ್ತೇನೆ ಬಿಡು ಎಂದು ತಿಪ್ಪವ್ವ ಅಲ್ಲಿಗೆ ಕೈಬಿಟ್ಟಿದ್ದಳು.

ಸಂಜೆ ಫ್ಯಾಕ್ಟರಿ ಬಸ್ಸಿಳಿದು ಸವಣೂರಿನ ಮನೆಗೆ ಬರುವಷ್ಟರಲ್ಲಿ, ಅದೇ ಫ್ಯಾಕ್ಟರಿಗೆ ಹೋಗುವ ಓಣಿಯ ಹೆಂಗಸರ ಫೋನಿನಿಂದ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ ಕನಕಪ್ಪ ತನ್ನ ಬಾಡಿಗೆಯ ಟೆಂಪೊ ತೊಳೆಯುತ್ತಿದ್ದವನು ಒಳಗೆ ಬಂದ.

“ಅಪ್ಪ ಅವ್ವಂದು ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಿ ಇಟ್ಟೇನಿ. ನಾಳೆ ಒಯ್ದು ಕೊಟ್ಟಬಿಡು.”

“ಅವರನ್ನ ಭಾವ ತಮ್ಮ ಹುಬ್ಬಳ್ಳಿ ಬ್ಯಾಂಕಿನ ವಿಮಾದಾಗ ಹಾಕ್ಯಾರಲ್ರಿ,” ಎಂದಳು ಮಲ್ಲಿಕಾ. “ಅತ್ತಿ ಆಪರೇಶನ್ ಅದರಾಗನ ಆತಲ್ಲ.”

“ನಾ ಹೇಳೂದೂ ಅದನ್ನ. ಎಲ್ಲಾ ಅಣ್ಣಂದ. ಹುಬ್ಬಳ್ಳಿ ದವಾಖಾನ್ಯಾಗ ನಿಮ್ಮ ಮಗಾ ಎಲ್ಲಿ ಕೆಲಸ ಮಾಡ್ತಾನ ಅಂತ ಕೇಳಿದಾಗ ಅಪ್ಪ ಅಣ್ಣನ ಬ್ಯಾಂಕಿನ ಹೆಸರು ಹೇಳಿದ. ನಾ ಚಾದ ಥರ್ಮಾಸ್ ಹಿಡಕೊಂಡು ಬಾಗಲಾಗ ನಿಂತಿದ್ದೆ. ತಾಯಿಗೆ ಏನರ ಮಾಡಬೇಕಂತ ನನಗ ಅನಸೂದಿಲ್ಲೇನು?”

ಮಲ್ಲಿಕಾಳಿಗೆ ಅಯ್ಯೋ ಅನ್ನಿಸಿತು. ಕೆಟ್ಟವನೇನಲ್ಲ ಕನಕಪ್ಪ. ಅಣ್ಣನ ಮುಂದೆ ಬಗ್ಗಿದ ತಲೆಯನ್ನು ಹೆಂಡತಿಯ ಪಗಾರದಲ್ಲಿ ಎತ್ತಲು ಹೊರಟಿದ್ದ, ಅಷ್ಟೇ.

“ನಮ್ಮವ್ವಗ...” ಎಂದು ಶುರು ಮಾಡಿದಳು. ಮಾವ ಗುದ್ಲೆಪ್ಪ ಎದುರಿನ ಮಂಚದ ಮೇಲೆ ಕುಳಿತಿದ್ದರು. ಗಂಡಸರ ಮುಂದೆ ಹೆಸರೆತ್ತುವಂಥ ಬೇನೆಯಲ್ಲ ಅದು. ಮಾತು ಅಲ್ಲಿಗೇ ನಿಂತಿತು.

“ನಿಮ್ಮವ್ವಗ ಏನಾಗೇತಿ? ಗಟ್ಟಿ ಅದಾಳ, ಇನ್ನೂ ಹೊಲಕ್ಕ ಹೋಗ್ತಾಳ. ಮತ್ತ ಮಂದಿ ಏನಂತಾರ? ಸೊಸಿ ಗಳಿಸಿದ್ದು ತವರಮನಿಗೆ ಹೋತು ಅಂತ ಆಡಕೊಳ್ಳಾಂಗಿಲ್ಲೇನು?”

ಮಲ್ಲಿಕಾ ಹಿಟ್ಟು ಕಲಸಲು ಕೂತಳು. ಮರುದಿನ ಊಟದ ಬಿಡುವಿನಲ್ಲಿ ಫ್ಯಾಕ್ಟರಿ ಗೇಟಿನ ಹತ್ತಿರ ನಿಂತು ತಾಯಿಗೆ ಫೋನ್ ಮಾಡಿದಳು.

“ಅವ್ವ, ನಿನ್ನ ಆಧಾರ್ ಕಾರ್ಡಿಂದು ಫೋಟೋ ಬೇಕು. ಯಾರ ಕೈಯಾಗರ ತೆಗಿಸಿ ಕಳಸು. ವಿಮಾಕ್ಕ ನಿನ್ನ ಹೆಸರು ಹಾಕ್ತೇನಿ. ಚಲೋ ದವಾಖಾನ್ಯಾಗ ಆಪರೇಶನ್ ಮಾಡಸೂಣು.”

“ಬ್ಯಾಡ ಮಗಳ,” ಎಂದಳು ತಿಪ್ಪವ್ವ, ಹೆಚ್ಚು ಯೋಚಿಸದೆ. “ನಿನ್ನ ಮನ್ಯಾಗ ನಾ ಇವತ್ತಿನ ತನಕ ಒಂದು ತುತ್ತು ಉಂಡಾಕಿಲ್ಲ. ಕೊಟ್ಟ ಹೆಣ್ಣಿನ ಗಳಿಕಿ ತಿಂದು ಹಾಸಗಿ ಮ್ಯಾಲ ಮಲಗಲೇನು? ಬೀಗರಿಗೆ ಮಾರಿ ಹ್ಯಾಂಗ ತೋರಸಲಿ? ನಿಮ್ಮ ಅತ್ತಿ ಮಾವನ ಹೆಸರು ಹಾಕು.”

“ಅವರದು ಆಗೇತವ್ವ. ನಿನಗ ಬ್ಯಾನಿ ಇರೂದು.”

“ಇಷ್ಟು ವರ್ಷ ತಡಕೊಂಡೇನಿ, ಇನ್ನೊಂದಿಷ್ಟು ತಡಕೊಂತೇನಿ. ನನ್ನ ಸಲುವಾಗಿ ನಿನಗೊಂದು ಮಾತು ಬರಬಾರದು. ಫೋನ್ ಇಡ್ಲೇ? ಹೊಲದ ಗಾಡಿ ಬಂತು.”

ಫೋನ್ ಕಟ್ಟಾಯಿತು. ಮಲ್ಲಿಕಾಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ದುಡಿಯುವವಳು ಅವಳು, ಮುರಿಯುವುದು ಅವಳ ಪಗಾರದಲ್ಲಿ, ಯಾರಿಗೆ ಬೇಕು ಯಾರಿಗೆ ಬೇಡ ಎನ್ನುವವರೆಲ್ಲ ಬೇರೆಯವರು.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಬೀರವ್ವ ಒಲೆಯ ಮುಂದೆ ಬಂದು ಕೂತಳು. ಬೀರವ್ವನ ಮಾತು ಯಾವತ್ತೂ ನೇರ.

“ಮೊನ್ನಿಂದ ಮಾರಿ ಗಂಟು ಹಾಕ್ಕೊಂಡು ಅಡ್ಡಾಡಾಕತ್ತೀದಿ. ನಮ್ಮ ಹೆಸರು ಹಾಕಾಕ ನಿನಗ ಮನಸಿಲ್ಲೇನು?”

ಬೇರೆ ದಿನವಾಗಿದ್ದರೆ ಮಲ್ಲಿಕಾ ಏನೋ ಒಂದು ಹೇಳಿ ತೇಲಿಸಿಬಿಡುತ್ತಿದ್ದಳು. ಅಂದು ಅದಕ್ಕೂ ಸಾಕಾಗಿತ್ತು.

“ಇಲ್ರಿ ಅತ್ತಿ, ಮನಸಿಲ್ಲ. ನಿಮಗ ಆಗಿತ್ತಲ್ಲ, ಅದ ನಮ್ಮವ್ವಗ ಆಗೇತಿ. ಭಾಳ ವರ್ಷಾತು. ಅರಿಬಿ ಕಟಗೊಂಡು ಹೊಲಕ್ಕ ಹೋಗ್ತಾಳ.”

ಒಲೆಗೆ ಕಟ್ಟಿಗೆ ನೂಕುತ್ತಿದ್ದ ಬೀರವ್ವನ ಕೈ ನಿಂತಿತು. ಅವಳಿಗೆ ಆ ಬೇನೆಯನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಕೆಮ್ಮು ಬಂದರೆ ಅಂಜಿಕೆ, ಕೂತರೆ ನೋವು, ನಾಲ್ಕು ಜನರ ನಡುವೆ ಮದುವೆ ಮನೆಗೆ ಹೋಗಲು ಹಿಂಜರಿಕೆ, ಎಲ್ಲವನ್ನೂ ಅನುಭವಿಸಿದವಳು. ಆಪರೇಶನ್ ಆಗಿ ಬಂದಾಗ ಹಿರಿಯ ಸೊಸೆ ಹಣ್ಣು ತಂದುಕೊಟ್ಟು ಹೋಗಿದ್ದಳು. ರಜೆ ಹಾಕಿ, ಮೈ ತೊಳೆಸಿ, ಹಾಸಿಗೆಯ ಅರಿವೆಗಳನ್ನು ಮುಖ ಸಿಂಡರಿಸದೆ ಒಗೆದವಳು ಮಲ್ಲಿಕಾ.

“ಮೊದಲ ಯಾಕ ಹೇಳಲಿಲ್ಲ?”

“ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿಗೊಂಡಿದ್ಲು. ಈಗ ನೋಡಿದ್ರ ಕಾರ್ಡೂ ಕಳಸವಲ್ಲಳು.”

“ರೊಟ್ಟಿ ಹೊತ್ತಾಕತ್ತೈತಿ ನೋಡು,” ಎಂದು ಬೀರವ್ವ ಎದ್ದು ಹೊರಗೆ ಹೋದಳು. ಆ ದಿನವೆಲ್ಲ ಆ ಮಾತು ಮತ್ತೆ ಬರಲಿಲ್ಲ.

ಶನಿವಾರ ಮಲ್ಲಿಕಾ ಏಳುವಷ್ಟರಲ್ಲಿ ಮನೆಯ ಮುಂದೆ ಟೆಂಪೊ ಇರಲಿಲ್ಲ, ಅತ್ತೆಯೂ ಇರಲಿಲ್ಲ. “ಅವ್ವ ಮಗಾ ಕೂಡಿ ಎಲ್ಲಿಗೋ ಹೋದ್ರು. ನನಗೊಂದು ಕಪ್ ಚಾ ಸೈತ ಮಾಡಿಡಲಿಲ್ಲ,” ಎಂದು ಗುದ್ಲೆಪ್ಪ ಗೊಣಗಿದರು. ಹುಬ್ಬಳ್ಳಿಗೆ, ಭಾವನ ಮುಂದೆ ತನ್ನ ದೂರು ಹೇಳಲು ಹೋದರೆಂದೇ ಮಲ್ಲಿಕಾ ಅಂದುಕೊಂಡಳು. ಮಾವನಿಗೆ ಚಹಾ ಮಾಡಿಕೊಟ್ಟು ಬಸ್ಸು ಹತ್ತಿದಳು. ಕಿಟಕಿಗೆ ತಲೆ ಆನಿಸಿ ಕೂತು, ಆಗಿದ್ದಾಗಲಿ, ಅವ್ವನ ಹೆಸರೇ ಬರೆಸುತ್ತೇನೆ ಎಂದು ನಿಶ್ಚಯ ಮಾಡಿದಳು.

ಆಫೀಸಿನಲ್ಲಿ ಅವಳ ಸರದಿ ಬಂದಾಗ ಮಧ್ಯಾಹ್ನ ಸಮೀಪಿಸಿತ್ತು.

“ನಮ್ಮವ್ವನ ಹೆಸರು ಹಾಕ್ರಿ ಮೇಡಂ. ತಿಪ್ಪವ್ವ.”

“ಆಧಾರ್ ಕಾರ್ಡ್?”

“ಅದು ಆಮ್ಯಾಲೆ ತಂದು...”

“ನಂಬರ್ ಇಲ್ದ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ಲ ಮಲ್ಲಿಕಾ. ನನ್ನ ಕೈಯಾಗ ಇಲ್ಲ. ಒಂಚೂರು ಬಾಜೂಕ ನಿಂದ್ರು, ಯಾರಿಗರ ಫೋನ್ ಮಾಡಿ ನೋಡು.”

ಬದಿಗೆ ಸರಿದು ತಾಯಿಗೆ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಇಷ್ಟೇ ನನ್ನ ಹಣೆಬರಹ ಎಂದುಕೊಂಡು ಲೈನಿನ ಕಡೆ ಹೊರಡುವಾಗ ಕೈಯಲ್ಲಿದ್ದ ಫೋನ್ ಟಿಣ್ ಎಂದಿತು. ಕನಕಪ್ಪ ಒಂದು ಫೋಟೋ ಕಳಿಸಿದ್ದ. ತಿಪ್ಪವ್ವನ ಆಧಾರ್ ಕಾರ್ಡು. ಕಾರ್ಡಿನ ಅಂಚನ್ನು ಹಿಡಿದಿದ್ದ ಕೈಯ ಮೇಲೆ ಹಸಿರು ಬಳೆ, ಮಾಸಿದ ಹಚ್ಚೆ, ಹೆಬ್ಬೆರಳಿಗೆ ಸೀಳಿದ ಉಗುರು. ಅದು ಅವ್ವನ ಕೈಯಲ್ಲ. ತಾನು ಸೋಪು ಹಚ್ಚಿ ತೊಳೆಸುತ್ತಿದ್ದ ಅತ್ತೆಯ ಕೈ.

ಹಿಂದೆಯೇ ಕರೆ ಬಂತು.

“ಫೋಟೋ ಬಂತೇನು? ಒಂಚೂರು ಅಲಗಾಡೇತಿ,” ಎಂದ ಕನಕಪ್ಪ. “ಚಿಕ್ಕೇರೂರಾಗ ಅದೇವಿ. ನಿಮ್ಮವ್ವ ಹೊಲದಾಗ ಇದ್ಲು, ಹುಡುಕಿ ಮನಿಗೆ ಕರಕೊಂಡು ಬರೂದ್ರಾಗ ಇಷ್ಟೊತ್ತಾತು. ಅವ್ವ ಗಾಡಿ ತಗಿ ಅಂದ್ಲು, ತಗದೆ. ಏನು ಬ್ಯಾನಿ ಅಂತ ಕೇಳಿದ್ರ, ಅದು ನಿನಗ ಬ್ಯಾಡ ಅಂದ್ಲು. ದಾರಿ ತುಂಬ ಬೈದ್ಲು. ತಾಯಿಗೆ ಏನರ ಮಾಡಬೇಕು ಅಂತಿದ್ದೆಲ್ಲ, ಅಲ್ಲೊಬ್ಬಾಕಿ ತಾಯಿ ಅದಾಳ, ಆಕಿಗೆ ಮಾಡು ಅಂದ್ಲು. ಹಾಕು ನಿಮ್ಮವ್ವನ ಹೆಸರು. ಮಂದಿ ಕೇಳಿದ್ರ ನಾ ಹೇಳ್ತೇನಿ.”

ಅವನ ಹಿಂದೆ ಬೀರವ್ವನ ಗಟ್ಟಿ ದನಿ ಕೇಳಿಸುತ್ತಿತ್ತು. “ಬೀಗತಿ, ನಿನ್ನ ಮಗಳು ನನ್ನ ಮೈ ತೊಳದಾಳ. ಆಕಿ ದುಡದದ್ದು ನಾ ಉಣಬಹುದು, ಹಡದಾಕಿ ನೀ ಉಣಬಾರದೇನು? ಯಾವಾಕಿ ಹೇಳಿಕೊಟ್ಲು ನಿನಗ ಇದನ್ನ? ಅಳಬ್ಯಾಡ, ಏಳು. ಚಾ ಇಡು, ಮುಂಜೇಲಿಂದ ಏನೂ ಕುಡದಿಲ್ಲ ನಾವು.”

ಮಲ್ಲಿಕಾ ಅಲ್ಲಿಯೇ, ಸಾಲಿನಲ್ಲಿದ್ದ ಎಲ್ಲರ ಮುಂದೆ ಅತ್ತಳು. ಸುಧಾರಾಣಿ ಫೋನ್ ಇಸಿದುಕೊಂಡು ಕಾರ್ಡಿನ ನಂಬರು ಕುಟ್ಟಿದರು.

“ಸಂಬಂಧ ಏನಂತ ಹಾಕಲಿ?”

“ತಾಯಿ ಅಂತ ಹಾಕ್ರಿ.”

ಮುಖ ತೊಳೆದು ಅವಳು ಲೈನಿಗೆ ಮರಳಿದಾಗ ಅಖ್ತರುನ್ನೀಸಾ ಕಾಲರಿನ ಹೊಲಿಗೆಯಿಂದ ತಲೆ ಎತ್ತಿದಳು.

“ಯಾರನ್ನ ಹಾಕಿದಿ ಅಕ್ಕಾ?”

“ನಮ್ಮವ್ವನ್ನ.”

“ಮತ್ತ ನಿಮ್ಮ ಅತ್ತಿ?”

“ಅವರ ಹೋಗಿ ಕಾರ್ಡ್ ಕಳಿಸ್ಯಾರ.”

ಅಖ್ತರುನ್ನೀಸಾ ಮಷಿನಿನ ಸ್ವಿಚ್ ಆರಿಸಿ, ಮಡಿಲ ಮೇಲಿನ ದಾರದ ಚೂರುಗಳನ್ನು ಕೊಡವಿಕೊಂಡು ಎದ್ದಳು.

“ಮೇಡಂ ಇನ್ನೂ ಆಫೀಸಿನ್ಯಾಗ ಅದಾರೇನು ಅಕ್ಕಾ? ನಮ್ಮ ಅಮ್ಮಿ ಕಾರ್ಡ್ ನನ್ನ ಫೋನಿನ್ಯಾಗ ಐತಿ.”