ಸೋಸಿದ ಉಪ್ಪುನೀರು

ಹಿಡಿದ ಕೆಲಸ ಮುಗಿಯಿತು ಎಂಬ ನಂಬಿಕೆ ಎಡ್ಮಂಡನಿಗೆ ಎಂದೂ ಬಂದದ್ದಿಲ್ಲ. ಬಹ್ರೇನಿನ ಅರಾದಿನಲ್ಲಿದ್ದ ತನ್ನ ಫ್ಲ್ಯಾಟಿಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋದವನು ತಿರುಗಿ ಬಂದು ಬಾಗಿಲು ತಳ್ಳಿ ನೋಡುತ್ತಿದ್ದ. ಲ್ಯಾಬಿನಲ್ಲಿ ಒಲೆ ಆರಿಸಿದ ಮೇಲೂ ಅದರ ಹತ್ತಿರ ಅಂಗೈ ಹಿಡಿದು ನಿಲ್ಲುತ್ತಿದ್ದ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹಗಲು ದುಡಿದು, ಮೈಯಿಂದ ಮೀನಿನ ವಾಸನೆ ಹೋಗುವ ಮೊದಲೇ ಸಂಜೆ ಕಾಲೇಜಿನ ಬೆಂಚಿನಲ್ಲಿ ಕೂತು ಕೆಮಿಸ್ಟ್ರಿ ಕಲಿತವನು ಅವನು. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಮಾತು ತನ್ನ ಕಿವಿಗೆ ಬೀಳದೆ ಹೋಗಿದೆ ಎಂಬ ಅಳುಕು ಬಹ್ರೇನಿಗೆ ಬಂದು ಇಷ್ಟು ವರ್ಷವಾದರೂ ಅವನನ್ನು ಬಿಟ್ಟಿರಲಿಲ್ಲ.

ಅವನ ಕಂಪೆನಿ ಚಿಕ್ಕದು. ಮರಳುಗಾಡಿನ ಹಳೆಯ ಗ್ಯಾಸ್ ಬಾವಿಗಳಿಗೆ ಸೋಪ್ ಸ್ಟಿಕ್ ಒದಗಿಸುವುದು ಅದರ ಕೆಲಸ. ಬಾವಿಗೆ ವಯಸ್ಸಾದಂತೆ ಗ್ಯಾಸಿನ ಒತ್ತಡ ಕುಗ್ಗುತ್ತದೆ. ಆಳದಲ್ಲಿ ಒಸರುವ ಉಪ್ಪುನೀರನ್ನು ಮೇಲೆತ್ತಿ ಹೊರಹಾಕುವ ತ್ರಾಣ ಅದಕ್ಕೆ ಉಳಿಯುವುದಿಲ್ಲ; ನೀರು ನಿಂತು ನಿಂತು ಬಾವಿ ತನ್ನ ನೀರಿನಲ್ಲೇ ಮುಳುಗಿ ಸಾಯುತ್ತದೆ. ಆಗ ಮೊಳದುದ್ದದ ಸಾಬೂನಿನ ಕಡ್ಡಿಗಳನ್ನು ಒಳಗೆ ಬಿಡುತ್ತಾರೆ. ಕಡ್ಡಿ ಕರಗಿ ನೀರು ನೊರೆಯಾದರೆ ಹಗುರ. ಅಷ್ಟನ್ನು ಸೊರಗಿದ ಗ್ಯಾಸೂ ಹೊತ್ತು ತರಬಲ್ಲದು. ಆದರೆ ಉಪ್ಪಿಗೂ ಸಾಬೂನಿಗೂ ಆಗಿಬರುವುದಿಲ್ಲ. ಸಮುದ್ರದ ನೀರಿನಲ್ಲಿ ಅಂಗಿ ಒಗೆಯಲು ನೋಡಿದವರಿಗೆಲ್ಲ ಅದು ಗೊತ್ತು. ಹಾಗಾಗಿ ಯಾವ ಬಾವಿಯ ನೀರಿಗೆ ಯಾವ ಕಡ್ಡಿ ಎಂದು ಮೊದಲೇ ಪರೀಕ್ಷಿಸಬೇಕು. ಪರೀಕ್ಷಿಸುವವನು ಎಡ್ಮಂಡ್. ಬಾವಿಯ ಬಳಿ ಹೋಗಿ ಕಡ್ಡಿ ಬಿಡುವವನು ನಿಝಾಮ್, ಉಪ್ಪಿನಂಗಡಿಯ ಬ್ಯಾರಿ.

ಆ ದಿನ ನಿಝಾಮ್ ಲ್ಯಾಬಿನ ಬಾಗಿಲನ್ನು ಬೂಟುಗಾಲಿನಿಂದ ತಳ್ಳಿಕೊಂಡು ಬಂದ. ಅವನ ಬೆನ್ನ ಮೇಲೆ ಬೆವರು ಒಣಗಿ ಬಿಳಿ ಗೆರೆಯಾಗಿತ್ತು. ಊರ ಕಡೆ ಕ್ರಿಸ್ತರನ್ನು ಕರೆಯುವಂತೆ ಎಡ್ಮಂಡನನ್ನು ಅವನು ಪೊರ್ಬು ಎಂದೇ ಕರೆಯುತ್ತಿದ್ದ.

"ಪೊರ್ಬುಗಳೇ, ಎಂತ ಸಾಬೂನು ಕೊಟ್ಟದ್ದು ನೀವು? ಬಾವಿ ಮುಖ ಸಹ ತೊಳೀಲಿಲ್ಲ."

"ನೊರೆ ಬರ್ಲಿಲ್ವಾ?"

"ನೊರೆಯಾ? ನನ್ನ ಬಾಯಲ್ಲಿ ಬಂತು, ಕಾದು ಕಾದು."

ಎಡ್ಮಂಡ್ ನಗಲಿಲ್ಲ. "ವಾಲ್ವ್ ಮುಚ್ಚಿ ಸರಿಯಾಗಿ ಕಾದೆಯಲ್ಲ? ಕಡ್ಡಿ ಕರಗ್ಲಿಕ್ಕೆ ಹೊತ್ತು ಬೇಕು."

"ನನ್ನ ಮದುವೆಗೂ ಅಷ್ಟು ಕಾಯ್ಲಿಲ್ಲ ಮಾರಾಯ."

ಸೂಪರ್‌ವೈಸರ್ ವಿಕಾಸ್ ಗಾಜಿನ ಕೋಣೆಯಿಂದ ಹೊರಗೆ ಬಂದ. ದಾವಣಗೆರೆಯ ಎಂಜಿನಿಯರ್, ವಯಸ್ಸಿನಲ್ಲಿ ಇಬ್ಬರಿಗಿಂತಲೂ ಚಿಕ್ಕವನು. "ಎಡ್ಮಂಡ್ ಅವ್ರ ಟೆಸ್ಟ್‌ನಲ್ಲಿ ನೊರೆ ಗೋಡೆ ಥರ ನಿಂತಿತ್ತು ಕಣ್ರೀ, ನಾನೇ ನೋಡಿದ್ದೀನಿ. ಡೋಸ್ ಕಡಿಮೆ ಆಗಿರುತ್ತೆ. ನಾಳೆ ಡಬಲ್ ಹಾಕಿ. ಹನ್ನೆರಡರೊಳಗೆ ಮುಗೀಬೇಕು ಮತ್ತೆ." ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಬಿಸಿಲಿನಲ್ಲಿ ದುಡಿಸುವ ಹಾಗಿಲ್ಲ, ಅದು ಅಲ್ಲಿಯ ಕಾನೂನು.

ನೊರೆ ಗೋಡೆಯಂತೆ ನಿಂತದ್ದು ನಿಜ. ಆದರೆ ರಾತ್ರಿಯಿಡೀ ಆ ಗೋಡೆಯೇ ಎಡ್ಮಂಡನನ್ನು ಕಾಡಿತು. ಅಷ್ಟು ಉಪ್ಪಿನ ನೀರಿನಲ್ಲಿ ಅಷ್ಟು ಚಂದದ ನೊರೆ ಬರಬಹುದೇ?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಬಂದು ಬಾವಿಯ ನೀರಿನ ಡಬ್ಬ ಇಳಿಸಿದ. ನಿಝಾಮ್ ತಂದುಕೊಟ್ಟಾಗ ಅದರ ಮೇಲೆ ಕರಿ ಎಣ್ಣೆಯ ಪದರವಿತ್ತು, ತಳದಲ್ಲಿ ಮರಳಿನಂಥ ಗಸಿ. ಹೊಲಸು ನೀರಿನಲ್ಲಿ ಪರೀಕ್ಷೆ ಮಾಡಿದರೆ ಹೊಲಸು ಉತ್ತರ ಬರುತ್ತದೆ ಎಂಬುದು ಎಡ್ಮಂಡನ ಪಾಠ. ಮೊದಲ ಪರೀಕ್ಷೆಗೆ ಅದರಿಂದ ಒಂದಿಷ್ಟು ನೀರು ಬಗ್ಗಿಸಿಕೊಂಡು ಎಣ್ಣೆ ತೆಗೆದಿದ್ದ, ಎರಡೆರಡು ಸಲ ಸೋಸಿದ್ದ, ಕನ್ನಡಿಯಂಥ ನೀರಿನಲ್ಲಿ ಕಡ್ಡಿ ಕರಗಿಸಿದ್ದ. ಸೋಸಿದ ಕಾಗದ ಇನ್ನೂ ಕಸದ ಬುಟ್ಟಿಯ ಅಂಚಿನಲ್ಲಿ ಒಣಗಿ ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದ. ಮರಳು ಹೀಗೆ ಮಿನುಗುವುದಿಲ್ಲ. ಚೌಕ ಚೌಕ ಹರಳು. ಐಸ್ ಪ್ಲಾಂಟಿನ ಉಪ್ಪುನೀರಿನ ತೊಟ್ಟಿಯ ತಳದಿಂದ ಸಲಿಕೆಯಲ್ಲಿ ಬಾಚಿದ ಅದೇ ಹರಳು.

ಬಾವಿಯ ಆಳದಲ್ಲಿ ಕುದಿಯುತ್ತಿದ್ದ ನೀರು ಏಸಿ ಕೋಣೆಯಲ್ಲಿ ತಣ್ಣಗಾಗಿ ಉಪ್ಪನ್ನು ತಳಕ್ಕೆ ಬಿಟ್ಟಿತ್ತು. ಅವನು ಕೊಳೆಯೆಂದು ಸೋಸಿ ಎಸೆದದ್ದು ಆ ಉಪ್ಪನ್ನೇ.

ಈ ಸಲ ಏನನ್ನೂ ಸೋಸಲಿಲ್ಲ. ಡಬ್ಬವನ್ನು ಕುಲುಕಿ, ಎಣ್ಣೆ, ಗಸಿ ಎಲ್ಲ ಸಮೇತ ಬಿಸಿ ಮಾಡಿ, ಕಡ್ಡಿಯ ಚೂರು ಹಾಕಿ ಕಲಕಿದ. ನೊರೆ ಏಳುತ್ತಲೇ ಕುಸಿಯಿತು. ಅದರ ಜಾಗದಲ್ಲಿ ಒಡೆದ ಹಾಲಿನಂತೆ ಬಿಳಿ ಗಡ್ಡೆ ಕಟ್ಟಿ ಗಾಜಿಗೆ ಮೆತ್ತಿತು. ಪಿಪೆಟ್ಟಿನಿಂದ ಒಂದಿಷ್ಟು ಎಳೆದು ನೋಡಿದ. ತುದಿ ಕಟ್ಟಿಕೊಂಡಿತು. ಊದಿದ, ಬಿಡಲಿಲ್ಲ.

ಎಡ್ಮಂಡನಿಗೆ ಬಾವಿಯ ಮೇಲಿನ ಗೇಜ್ ನೆನಪಾಯಿತು. ಕಡ್ಡಿ ಬಿಡಲು ಬಾವಿಯ ತಲೆಯ ಮೇಲೆ ಒಂದು ಉಕ್ಕಿನ ಕೊಳವೆ ಇರುತ್ತದೆ. ಕಡ್ಡಿ ತುಂಬಿ, ಮೇಲಿನ ಮುಚ್ಚಳ ಬಿಗಿದು, ಕೆಳಗಿನ ವಾಲ್ವ್ ತೆರೆದರೆ ಕಡ್ಡಿ ಬಾವಿಗೆ ಇಳಿಯುತ್ತದೆ, ಬಾವಿಯ ಗ್ಯಾಸು ಕೊಳವೆಗೆ ಏರುತ್ತದೆ. ಮತ್ತೆ ಕಡ್ಡಿ ತುಂಬಬೇಕಾದರೆ ಕೆಳಗೆ ಮುಚ್ಚಿ, ಗ್ಯಾಸು ಹೊರಗೆ ಬಿಟ್ಟು, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಮುಚ್ಚಳ ಬಿಚ್ಚಬೇಕು. ಗೇಜಿಗೆ ಹೋಗುವ ತೂತು ಪಿಪೆಟ್ಟಿನ ತುದಿಗಿಂತ ಬಹಳ ದೊಡ್ಡದೇನಲ್ಲ. ಗ್ಯಾಸಿನೊಂದಿಗೆ ಮೇಲೆ ಬಂದ ಗಡ್ಡೆಯಿಂದ ಅದು ಕಟ್ಟಿಕೊಂಡರೆ ಒಳಗೆ ಎಷ್ಟೇ ಒತ್ತಡವಿರಲಿ, ಮುಳ್ಳು ಸೊನ್ನೆಯನ್ನೇ ತೋರಿಸುತ್ತದೆ.

ವಿಕಾಸನಿಗೆ ಫೋನ್ ಮಾಡಿದ.

"ಸರ್, ನನ್ನ ಟೆಸ್ಟ್ ತಪ್ಪಿರ್ಬೇಕು ಅಂತ... ನೊರೆ ಒಡೀತಾ ಉಂಟು. ಗಡ್ಡೆ ಕಟ್ತದೆ."

"ಶುರು ಆಯ್ತಾ ನಿಮ್ದು? ಹೋದ್ ತಿಂಗ್ಳು ತಕ್ಕಡಿ ತಪ್ಪು ಅಂದ್ರಿ, ಸರಿಯಾಗೇ ಇತ್ತು. ಅದಕ್ಕೂ ಮುಂಚೆ ಇನ್ನೇನೋ ಅಂದ್ರಿ."

"ಇದು ಹಾಗಲ್ಲ ಸರ್."

"ಕ್ಲೈಂಟ್ ಸೈಟಲ್ಲೇ ನಿಂತಿದ್ದಾರೆ. ಕೆಲಸ ನಿಲ್ಸಿ ಅಂತ ಹೇಳ್ಬೇಕಾದ್ರೆ ನಾನು ಶ್ಯೂರ್ ಆಗಿರ್ಬೇಕು. ನೀವು ಶ್ಯೂರಾ?"

ಶ್ಯೂರ್. ಆ ಮಾತು ಎಡ್ಮಂಡನ ನಾಲಿಗೆಯ ಮೇಲೆ ಒಮ್ಮೆಯೂ ನೆಟ್ಟಗೆ ನಿಂತದ್ದಿಲ್ಲ. ಒಂದೇ ಸಲ ಮಾಡಿದ್ದೇನೆ. ಬಿಸಿ ಹೆಚ್ಚಾಗಿದ್ದರೆ? ಗ್ಲಾಸಿನಲ್ಲೇ ಏನಾದರೂ ಇದ್ದಿದ್ದರೆ? "ಇನ್ನೊಮ್ಮೆ ಮಾಡಿ ನೋಡ್ತೇನೆ ಸರ್" ಎಂದ.

"ಮಾಡಿ. ಮಾಡಿ ಹೇಳಿ."

ನಿಝಾಮನಿಗೂ ಮಾಡಿದ. ದಿನಾ ಬೆಳಿಗ್ಗೆ ಜಾಗ್ರತೆ ಹೇಳಲು ಎಡ್ಮಂಡ್ ಮಾಡುವ ಫೋನಿಗೆ ಒಗ್ಗಿಹೋಗಿದ್ದ ಅವನು ಒಂದೇ ರಿಂಗಿಗೆ ಎತ್ತಿಕೊಂಡ.

"ನಿನ್ನ ಫೋನ್ ಬರ್ಲಿಲ್ಲ ಅಂತಲೇ ಹೆದರಿಕೆ ಆಗ್ತಿತ್ತು ಮಾರಾಯ. ಗ್ಲೌಸ್ ಹಾಕಿದ್ದೇನೆ. ಗಾಳಿ ಬೆನ್ನಿಗೆ ಉಂಟು. ಚಾ ಕುಡ್ದಾಯ್ತು. ಮತ್ತೆಂತ?"

"ನಿಝಾಮ್, ಆ ಗೇಜ್..."

"ಗೇಜಿಗೆ ಎಂತ?"

"ಸ್ವಲ್ಪ ನೋಡ್ಕೊ. ಸಾಬೂನು ಗಡ್ಡೆ ಕಟ್ಟಬಹುದೋ ಏನೋ. ಖಾತ್ರಿ ಇಲ್ಲ. ನಾನಿನ್ನೊಮ್ಮೆ ನೋಡಿ ಹೇಳ್ತೇನೆ."

"ನೀನು ನೋಡು. ನೋಡ್ತಾ ನೋಡ್ತಾ ನಿಂಗೆ ರಿಟೈರ್ ಆಗ್ತದೆ." ಹಿಂದಿನಿಂದ ಯಾರೋ ಹಿಂದಿಯಲ್ಲಿ ಕೂಗಿದರು. "ಕರೀತಿದ್ದಾರೆ. ಫೋನ್ ಗಾಡಿಯಲ್ಲಿ ಇಟ್ಟು ಹೋಗ್ಬೇಕು. ಇಡ್ತೇನೆ."

ಬಾವಿಯ ಹತ್ತಿರಕ್ಕೆ ಫೋನ್ ಒಯ್ಯುವಂತಿಲ್ಲ, ಒಂದು ಕಿಡಿ ಸಾಕು. ಅದು ಎಡ್ಮಂಡನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲು ಎನ್ನಲಿಲ್ಲ. ಗ್ಲಾಸನ್ನು ತೊಳೆದ. ಮತ್ತೊಮ್ಮೆ ತೊಳೆದ. ನೀರು ಅಳೆದು, ಬಿಸಿ ಸರಿಯಾಗುವವರೆಗೆ ಕಾದು, ಕಡ್ಡಿಯನ್ನು ತೂಗಿ ಹಾಕಿದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ. ಅದೇ ನೊರೆ, ಅದೇ ಕುಸಿತ, ಅದೇ ಬಿಳಿ ಗಡ್ಡೆ.

ನಿಝಾಮನ ಫೋನ್ ಗಾಡಿಯೊಳಗೆ ರಿಂಗಾಗಿ ರಿಂಗಾಗಿ ನಿಂತಿತು. ವಿಕಾಸನ ಫೋನ್ ಎಂಗೇಜ್ ಇತ್ತು. ಸೈಟಿನಿಂದ ಆಗಲೇ ಅವನಿಗೆ ಸುದ್ದಿ ಮುಟ್ಟುತ್ತಿತ್ತೆಂದು ಆಮೇಲೆ ತಿಳಿಯಿತು.

ಮೊದಲ ಕಂತಿನ ಕಡ್ಡಿ ಇಳಿದಿತ್ತು. ಎರಡನೆಯದಕ್ಕೆ ನಿಝಾಮ್ ಕೆಳಗಿನ ವಾಲ್ವ್ ಮುಚ್ಚಿ, ಗ್ಯಾಸು ಬಿಟ್ಟ. ಸುಯ್ಯೆಂದು ತುಸು ಹೊತ್ತು ಬಂದು ನಿಂತಿತು. ಆ ದಾರಿಯೂ ಕಟ್ಟಿಕೊಂಡಿತ್ತು. ಗೇಜ್ ನೋಡಿದ, ಸೊನ್ನೆ ಇತ್ತು. ಎಡ್ಮಂಡ್ ಹೇಳಿದ್ದಾನಲ್ಲ ಎಂದು ಬೆರಳಿನಿಂದ ತಟ್ಟಿಯೂ ನೋಡಿದನಂತೆ. ಆಮೇಲೆ ಮುಚ್ಚಳ ಬಿಚ್ಚಿದ. ಅದು ಅವನ ಮುಖಕ್ಕೇ ಹಾರಿತು.

ಆಸ್ಪತ್ರೆಯಲ್ಲಿ ಕೆಲವು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಬಿಟ್ಟ ದಿನ ಎಡ್ಮಂಡ್ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ನಿಝಾಮನ ಮೂಗಿನಿಂದ ಮೇಲಕ್ಕೆಲ್ಲ ಬಿಳಿ ಬಟ್ಟೆ ಸುತ್ತಿತ್ತು. ಎಡಗಣ್ಣು ಹೋಗಿತ್ತು. ಬಲಗಣ್ಣಿನ ಬಗ್ಗೆ ಡಾಕ್ಟರು ಆಸೆ ಕೊಟ್ಟಿರಲಿಲ್ಲ.

"ಯಾರು? ಪೊರ್ಬುವಾ?"

"ಹೌದು."

"ಮಾತಾಡದೆ ಕೂತವ ನೀನೇ ಅಂತ ಗೊತ್ತಾಯ್ತು." ನಿಝಾಮ್ ತುಟಿ ಒದ್ದೆ ಮಾಡಿಕೊಂಡ. "ಫೋನ್ ಮಾಡುವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಒಂದೇ ಸಲ ನೋಡಿದ್ದು. ಇನ್ನೊಮ್ಮೆ ನೋಡುವಾ ಅಂತ..."

ನಿಝಾಮ್ ಮುಖವನ್ನು ದನಿ ಬಂದ ಕಡೆಗೆ ತಿರುಗಿಸಿದ. "ನಿಲ್ಲು ಅಂದಿದ್ರೆ ನಿಲ್ತಿದ್ದೆ ಮಾರಾಯ. ತಮಾಷೆ ಮಾಡ್ತಿದ್ದೆ, ಬೈತಿದ್ದೆ. ಆದ್ರೆ ನಿಲ್ತಿದ್ದೆ. ನೀನು ಗ್ಲೌಸ್ ಹಾಕು ಅಂದಿ, ಗಾಳಿ ನೋಡು ಅಂದಿ, ದಿನಾ ಎಂತೆಂತದೋ ಹೇಳಿದಿ. ನಿಲ್ಲು ಅಂತ ಮಾತ್ರ ಹೇಳ್ಲಿಲ್ಲ."

ಎಡ್ಮಂಡ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ವಿಕಾಸ್ ಸರ್ ಬಂದಿದ್ರು" ಎಂದ ನಿಝಾಮ್. "ನಾನು ಒತ್ತಡ ಬಿಡದೆ ಮುಚ್ಚಳ ತೆಗೆದದ್ದು ಅಂತ ರಿಪೋರ್ಟ್ ಆಗ್ತದಂತೆ. ನನ್ನ ಅವಸರವಂತೆ. ಹಾಗಾದ್ರೆ ಕಂಪೆನಿಗೆ ಒಳ್ಳೆದಂತೆ."

"ಅದು ಸುಳ್ಳು. ತಪ್ಪು ನಂದು. ಉಪ್ಪು ಸೋಸಿ ಬಿಸಾಡಿದ್ದು ನಾನು."

"ನಂಗೆ ಯಾಕೆ ಹೇಳ್ತಿ? ನನ್ನ ಹತ್ರ ಹೇಳಿ ನಿಂಗೆ ಹಗುರ ಆಗ್ಬೇಕಾ? ಹೇಳ್ಬೇಕಾದವ್ರಿಗೆ ಹೇಳು, ಹೋಗು." ಬಟ್ಟೆ ಸುತ್ತಿದ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದ. "ಹೇಳಿ ಆದ ಮೇಲೂ ಇಲ್ಲಿಗೆ ಬರ್ಬೇಡ."

ಕಾರಿಡಾರಿನಲ್ಲಿ ನಿಝಾಮನ ಹೆಂಡತಿ ಅಸ್ನಾ ಫ್ಲಾಸ್ಕ್ ಹಿಡಿದು ಬರುತ್ತಿದ್ದಳು. ನಿದ್ದೆಯಿಲ್ಲದೆ ಅವಳ ಮುಖ ಊದಿತ್ತು.

"ಹೊರಟ್ರಾ ಅಣ್ಣ? ಚಾ ತಂದಿದ್ದೆ. ನಾಳೆಯೂ ಬನ್ನಿ, ಆಯ್ತಾ? ನಿಮ್ಮ ಹತ್ರ ಆದ್ರೆ ಇವ್ರು ಮಾತಾಡ್ತಾರೆ. ನನ್ನ ಹತ್ರ ಬಾಯಿ ಬಿಡುದಿಲ್ಲ."

"ನಾಳೆ ಬರುವುದಿಲ್ಲ, ಅಸ್ನಾ."

ಡ್ಯೂಟಿ ಇರಬೇಕೆಂದುಕೊಂಡು ಅವಳು ತಲೆಯಾಡಿಸಿ ಒಳಗೆ ಹೋದಳು. ಎಡ್ಮಂಡ್ ಮೆಟ್ಟಿಲಲ್ಲೇ ಕೂತು ಫೋನ್ ತೆಗೆದ. ಬಾವಿಯ ಒಡೆತನದ ಕಂಪೆನಿಯ ನಂಬರು ಹುಡುಕಿ ಒತ್ತಿದ. ಅತ್ತ ಕಡೆಯಿಂದ ಯಾರೋ ಅರಬಿ ಮಾತಿನ ಧಾಟಿಯ ಇಂಗ್ಲಿಷಿನಲ್ಲಿ, ಯಾರು, ಏನು ವಿಷಯ ಎಂದು ಕೇಳಿದರು. ಎಡ್ಮಂಡ್ ತನ್ನ ಹೆಸರು ಹೇಳಿ, ಡಬ್ಬದ ತಳದ ಉಪ್ಪಿನಿಂದ ಶುರು ಮಾಡಿದ.